ಕೈ ಕಾಕನದು, ಆಯಿಲ್ ಶೋರೂಮಿನದು

ಶೋರೂಮಿನಿಂದ ಪಿಕಪ್ ಬಿಡಿಸಿಕೊಂಡು ಬರುವಾಗ ಎಲ್ಲರೂ ಬಿಲ್ಲಿನ ಕೊನೆಯ ಸಾಲು ನೋಡಿ ಉಸ್ಸೆನ್ನುತ್ತಾರೆ. ನಾನು ಹುಡುಕುವುದು ಇಂಜಿನ್ ಆಯಿಲ್ ಅಂತ ಬರೆದ ಸಾಲನ್ನು. ಎಷ್ಟು ಲೀಟರ್, ಯಾವ ಗ್ರೇಡ್, ಫಿಲ್ಟರಿನ ಕೆಳಗೆ, ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಪ್ಲಗ್ಗಿನ ವಾಷರ್ ಎನ್ನುವ ಪುಟ್ಟ ಐಟಂ ಇದೆಯೋ ಇಲ್ಲವೋ. ಪಕ್ಕದ ಸೀಟಿನಲ್ಲಿ ಕೂತ ನನ್ನ ಹೆಂಡತಿ, "ಸೊಸೈಟಿ ಪಾಸ್‌ಬುಕ್ಕನ್ನೂ ಇಷ್ಟು ಶ್ರದ್ಧೆಯಿಂದ ನೋಡಲ್ಲವಲ್ರೀ ನೀವು" ಅನ್ನುತ್ತಾಳೆ. ನಿಜವೇ. ಸೊಸೈಟಿಯವರು ಏನು ಮಾಡಿದ್ದಾರೆ ಅಂತ ತಿಳಿಯಲು ಹತ್ತು ದಾರಿಯಿದೆ. ಇಂಜಿನ್ನಿನ ಒಳಗೆ ಏನು ಮಾಡಿದ್ದಾರೆ ಅಂತ ತಿಳಿಯಲು ಆ ಕಾಗದ ಬಿಟ್ಟರೆ ಇನ್ನೇನಿದೆ?

ನಮ್ಮದು ಸೋಮವಾರಪೇಟೆ ಕಡೆಯ ಸಣ್ಣ ತೋಟ. ಡಬಲ್ ಕ್ಯಾಬಿನ್ ಡೀಸೆಲ್ ಪಿಕಪ್ ಒಂದಿದೆ. ಕಾಫಿ ಹಣ್ಣಿನ ಮೂಟೆ, ಗೊಬ್ಬರ, ಕಾಳುಮೆಣಸು, ನೀರಿನ ಮೋಟಾರ್, ಮಳೆಗಾಲದಲ್ಲಿ ಬಸ್ ಸ್ಟಾಪಿನವರೆಗೆ ಶಾಲೆ ಮಕ್ಕಳು, ಎಲ್ಲ ಅದರಲ್ಲೇ. ತೋಟದ ದಾರಿಯಲ್ಲಿ ಅದು ಮೂರನೇ ಗೇರ್ ಕಾಣುವುದೇ ಅಪರೂಪ. ಕಣದಿಂದ ತೋಟದ ತಳಕ್ಕೆ ಇಳಿದು, ಮೂಟೆ ತುಂಬುವವರೆಗೆ ಇಂಜಿನ್ ಆರಿಸದೆ ನಿಂತು, ಮತ್ತೆ ಮೊದಲ ಗೇರಿನಲ್ಲಿ ಏರಿ ಬರುವುದು. ಇಡೀ ದಿನ ಹೀಗೆ ದುಡಿದರೂ ಮೀಟರಿನಲ್ಲಿ ಓಡುವುದು ಪೇಟೆಗೆ ಒಮ್ಮೆ ಹೋಗಿಬಂದಷ್ಟು ಕಿಲೋಮೀಟರ್ ಮಾತ್ರ.

ಟ್ರ್ಯಾಕ್ಟರ್ ಮಾಡಿದವರಿಗೆ ಇದು ಗೊತ್ತಿತ್ತು, ಅದಕ್ಕೇ ಅದರಲ್ಲಿ ಗಂಟೆ ಮೀಟರ್ ಇಟ್ಟರು. ಆಯಿಲ್ ಬದಲಿಸುವುದು ಇಂಜಿನ್ ಎಷ್ಟು ಗಂಟೆ ತಿರುಗಿತು ಎನ್ನುವುದರ ಮೇಲೆ. ಪಿಕಪ್ಪಿಗೆ ಆ ಭಾಗ್ಯವಿಲ್ಲ. ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಇಂತಿಷ್ಟು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದು ದೊಡ್ಡ ಅಕ್ಷರದಲ್ಲಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ: ಧೂಳು, ಭಾರ, ಗುಡ್ಡದ ರಸ್ತೆ, ಪದೇಪದೇ ಸಣ್ಣ ಓಡಾಟ, ನಿಂತಲ್ಲೇ ಇಂಜಿನ್ ಓಡಿಸುವುದು, ಇವು ಇದ್ದರೆ ಅವಧಿ ಕಡಿಮೆ ಮಾಡಬೇಕು ಅಂತ. ಆ ಸಾಲು ಓದಿದಾಗ, ಇದನ್ನು ಬರೆದವನು ಶನಿವಾರಸಂತೆಯಿಂದ ತಲಕಾವೇರಿಯವರೆಗೆ ಒಮ್ಮೆ ಓಡಾಡಿ ಬಂದಿರಬೇಕು ಅನ್ನಿಸಿತು. ಕೊಡಗಿನ ಯಾವ ತೋಟದ ಗಾಡಿಯೂ ಅದರಿಂದ ತಪ್ಪಿಸಿಕೊಳ್ಳಲಾರದು. ಆದರೆ ಶೋರೂಮಿನ ಕಂಪ್ಯೂಟರ್ ನೋಡುವುದು ದೊಡ್ಡ ಅಕ್ಷರದ ಸಾಲನ್ನು ಮಾತ್ರ. "ಇನ್ನೂ ಟೈಮ್ ಇದೆ ಸರ್, ಈಗ್ಲೇ ಬೇಡ" ಅಂತ ಅಲ್ಲಿ ಗಾಡಿ ಒಪ್ಪಿಸಿಕೊಳ್ಳುವ ಅಡ್ವೈಸರ್ ಒಬ್ಬ ನನ್ನನ್ನು ವಾಪಸ್ ಕಳಿಸಿದ್ದೂ ಇದೆ. ಬಂದ ಗಿರಾಕಿಯನ್ನು ಶೋರೂಂ ಬೇಡ ಎಂದು ಕಳಿಸುವುದು ಇದೊಂದೇ ಸಂದರ್ಭದಲ್ಲಿ ಇರಬೇಕು.

ಬ್ರೇಕ್ ಕೆಲಸ ಸರಿಯಾಗಿ ಮಾಡದಿದ್ದರೆ ಸಂಪಾಜೆ ಘಾಟಿ ಇಳಿಯುವಷ್ಟರಲ್ಲಿ ತಿಳಿಯುತ್ತದೆ. ಎ.ಸಿ. ರಿಪೇರಿ ಸರಿಯಿಲ್ಲದಿದ್ದರೆ ಹುಣಸೂರು ದಾಟುವ ಮೊದಲೇ ಬೆವರು ಹೇಳುತ್ತದೆ. ಆಯಿಲ್ ಚೇಂಜ್ ಹಾಗಲ್ಲ. ಅದನ್ನು ಕೆಟ್ಟದಾಗಿ ಮಾಡಿದ್ದರೂ, ಮಾಡದೆಯೇ ಬಿಟ್ಟಿದ್ದರೂ ಗಾಡಿ ಅದೇ ಸದ್ದಿನಲ್ಲಿ ಓಡುತ್ತದೆ. ಪೆಟ್ಟು ಬೀಳುವುದು ಎಷ್ಟೋ ಸಾವಿರ ಕಿಲೋಮೀಟರ್ ಆದಮೇಲೆ. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಶಿಳ್ಳೆ ಹೊಡೆಯಲು ಶುರುಮಾಡುತ್ತದೆ, ಅಥವಾ ಬೇರಿಂಗ್ ಬಡಿಯುತ್ತದೆ. ಅಷ್ಟು ಹೊತ್ತಿಗೆ ಆ ಅಡ್ವೈಸರ್ ಬೇರೆ ಕಂಪನಿ ಸೇರಿರುತ್ತಾನೆ, ಮೆಕ್ಯಾನಿಕ್ ಗಲ್ಫಿಗೆ ಹೋಗಿರುತ್ತಾನೆ.

ಪೆಟ್ರೋಲ್ ಕಾರಿನವರು ಆಯಿಲ್ಲಿನ ಬಣ್ಣ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ಡೀಸೆಲ್‌ನಲ್ಲಿ ಅದೂ ಇಲ್ಲ. ಡೀಸೆಲ್ ಉರಿದಾಗ ಏಳುವ ಮಸಿ ಪಿಸ್ಟನ್ ರಿಂಗ್ ದಾಟಿ ಆಯಿಲ್ಲಿಗೆ ಸೇರುತ್ತಲೇ ಇರುತ್ತದೆ. ಆ ಮಸಿಯನ್ನು ಒಂದಕ್ಕೊಂದು ಅಂಟಿಕೊಂಡು ಗಡ್ಡೆಯಾಗದಂತೆ ಬಿಡಿಬಿಡಿಯಾಗಿ ಹಿಡಿದಿಟ್ಟುಕೊಳ್ಳುವುದೇ ಡೀಸೆಲ್ ಆಯಿಲ್ಲಿನ ಒಂದು ಮುಖ್ಯ ಕೆಲಸ. ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನ ಮೂಲೆಯಲ್ಲಿ ಉಳಿದ ಹಳೆಯ ಆಯಿಲ್ಲೂ ಹೊಸದಕ್ಕೆ ಬೆರೆಯುತ್ತದೆ. ಹಾಗಾಗಿ ಹೊಸ ಆಯಿಲ್ ಒಂದೆರಡು ದಿನದಲ್ಲೇ ಕಪ್ಪಾಗುತ್ತದೆ, ಓಡಿದ ಇಂಜಿನ್ನಾದರೆ ಶೋರೂಮಿನಿಂದ ಮನೆ ತಲುಪುವಷ್ಟರಲ್ಲೇ ಆಗಬಹುದು. ಕಪ್ಪಾಗಿದೆ ಅಂದರೆ ಬದಲಿಸಿಲ್ಲ ಎಂದು ಜಗಳಕ್ಕೆ ಹೋಗುವವರನ್ನು ನೋಡಿದ್ದೇನೆ. ಆ ಜಗಳದಲ್ಲಿ ಶೋರೂಮಿನವರೇ ಸರಿ. ತೊಂದರೆಯೆಂದರೆ, ನಿಜವಾಗಿಯೂ ಬದಲಿಸದೇ ಇದ್ದಾಗಲೂ ಅವರು ಹೇಳುವುದು ಇದೇ ಮಾತು.

ಇನ್ನು ಕಾಕ. ಪೇಟೆಯ ಹೊರಗೆ ತಗಡಿನ ಶೆಡ್ಡಿನಲ್ಲಿ ಗ್ಯಾರೇಜ್ ಇಟ್ಟಿರುವ ಹಿರಿಯರು. ನಮ್ಮ ಅಪ್ಪನ ಹಳೆಯ ಜೀಪಿನ ಕಾಲದಿಂದ ಗೊತ್ತು. ನಾನು ಅಪ್ಪನ ಜೊತೆ ಜೀಪಿನಲ್ಲಿ ಬರುತ್ತಿದ್ದ ದಿನಗಳಿಂದ ಇವತ್ತಿನವರೆಗೂ ನನ್ನನ್ನು "ಮೋನೆ", ಅಂದರೆ ಮಗನೇ, ಅಂತಲೇ ಕರೆಯುವುದು. ಕಾಕ ಆಯಿಲ್ ಬದಲಿಸುವುದನ್ನು ಒಮ್ಮೆ ನಿಂತು ನೋಡಬೇಕು. ಮೊದಲು ಗಾಡಿಯನ್ನು ಒಂದು ಸುತ್ತು ಓಡಿಸಿ ಬರಲು ಹೇಳುತ್ತಾರೆ. ಬಿಸಿ ಆಯಿಲ್ ತೆಳ್ಳಗಾಗಿ, ತನ್ನೊಳಗಿನ ಕೊಳೆಯನ್ನೂ ಹೊತ್ತುಕೊಂಡು ಇಳಿಯುತ್ತದೆ. ಸಮತಟ್ಟಾದ ಕಡೆ ನಿಲ್ಲಿಸಿ ಡ್ರೈನ್ ಪ್ಲಗ್ ಬಿಚ್ಚಿದರೆ ಆಮೇಲೆ ಅವಸರವಿಲ್ಲ. ಧಾರೆ ನೂಲಾಗಿ, ನೂಲು ಹನಿಯಾಗಿ, ಹನಿಗೂ ಹನಿಗೂ ನಡುವೆ ಒಂದು ಬೀಡಿ ಮುಗಿಯುವವರೆಗೆ ಹಾಗೇ ಬಿಡುತ್ತಾರೆ. ಪ್ಲಗ್ಗಿನ ತಾಮ್ರದ ವಾಷರನ್ನು ಪ್ರತಿ ಸಲ ಹೊಸದು ಹಾಕುತ್ತಾರೆ, ಹೊಸದಿಲ್ಲದಿದ್ದರೆ ಹಳೆಯದನ್ನೇ ಗ್ಯಾಸ್ ಉರಿಯಲ್ಲಿ ಕೆಂಪಗಾಗುವವರೆಗೆ ಕಾಯಿಸಿ ಆರಿಸುತ್ತಾರೆ. ಒಮ್ಮೆ ಅದುಮಿಸಿಕೊಂಡ ತಾಮ್ರ ಗಡುಸಾಗುತ್ತದೆ, ಕಾಯಿಸಿದರೆ ಮತ್ತೆ ಮೆದುವಾಗಿ ಸಂದಿಗೆ ಕೂರುತ್ತದೆ. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿನಲ್ಲಿ ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿ. ಹಳೆಯ ಫಿಲ್ಟರಿನ ರಬ್ಬರ್ ಇಂಜಿನ್ನಿಗೇ ಅಂಟಿಕೊಂಡು ಉಳಿದಿದೆಯಾ ಎಂದು ಬೆರಳಾಡಿಸಿ ನೋಡುವುದನ್ನು ಮರೆತದ್ದನ್ನು ನಾನು ಕಂಡಿಲ್ಲ. ಅದರ ಮೇಲೇ ಹೊಸ ಫಿಲ್ಟರ್ ಕೂತರೆ ಎರಡು ರಬ್ಬರ್ ಆಗಿ, ಒತ್ತಡ ಏರಿದಾಗ ಒಂದು ಕಿತ್ತುಬಂದು ಆಯಿಲ್ಲೆಲ್ಲ ರಸ್ತೆಗೆ ಹೋಗುತ್ತದೆ.

ಇದ್ಯಾವುದೂ ದೊಡ್ಡ ವಿದ್ಯೆಯಲ್ಲ, ಕಾಕನೂ ಹಾಗೆಂದು ಹೇಳಿಕೊಳ್ಳುವುದಿಲ್ಲ. ಅದಕ್ಕೆ ಬೇಕಾದ್ದು ತಾಳ್ಮೆ. ಶೋರೂಮಿನಲ್ಲಿ ಸಿಗದ್ದು ಅದೇ. ಅಲ್ಲಿ ಆಯಿಲ್ ಚೇಂಜ್ ಅಂದರೆ ಅತಿ ಸುಲಭದ ಕೆಲಸ, ಹಾಗಾಗಿ ಅದು ಹೋಗುವುದು ಅತಿ ಹೊಸಬನ ಕೈಗೆ. ಅನುಭವಿಗಳೆಲ್ಲ ಇಂಜೆಕ್ಟರ್, ಗೇರ್‌ಬಾಕ್ಸ್ ಮುಂದೆ ಕೂತಿರುತ್ತಾರೆ. ಐಟಿಐ ಮುಗಿಸಿ ಮೊನ್ನೆ ಬಂದ ಹುಡುಗ ಲಿಫ್ಟಿನ ಕೆಳಗೆ, ಅವನ ಹಿಂದೆ ಇನ್ನೂ ನಾಲ್ಕು ಗಾಡಿ ಸಾಲಿನಲ್ಲಿ. ನಾವು ಮಾತಾಡುವುದು ಇಸ್ತ್ರಿ ಅಂಗಿಯ ಅಡ್ವೈಸರ್ ಜೊತೆ, ಕೆಲಸ ಮಾಡುವುದು ಅವನು. ನಾವು ಅಡ್ವೈಸರಿಗೆ ಹೇಳಿದ್ದು, ಮಾಡಬೇಕಾದ ಕೆಲಸ ಬರೆಯುವ ಜಾಬ್ ಕಾರ್ಡಿನಲ್ಲಿ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ನಡುವೆ ಒಂದು ಗಾಜಿನ ಗೋಡೆ, ಗೋಡೆಯ ಈಚೆ ಸೋಫಾ, ಟಿವಿ, ಮತ್ತು ಮಿಷಿನ್ನಿನಿಂದ ಇಳಿಯುವ ಪುಡಿ ಕಾಫಿ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕೂತು ಅದನ್ನು ಕುಡಿಯುವ ಶಿಕ್ಷೆಯ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.

ಒಂದು ಸರ್ವಿಸ್ ಆದ ಮರುದಿನ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಕಣದ ಸಮತಟ್ಟಿನಲ್ಲಿ, ಆಯಿಲ್ಲಿನ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್ ತೆಗೆದು ನೋಡಿದೆ. ಮೇಲಿನ ಗುರುತಿಗಿಂತ ಎರಡು ಬೆರಳು ಮೇಲಿತ್ತು ಆಯಿಲ್. ಒರೆಸಿ ಮತ್ತೆ ಅದ್ದಿದೆ, ಅಷ್ಟೇ. ಶೋರೂಮಿಗೆ ಫೋನ್ ಮಾಡಿದರೆ, "ಸ್ವಲ್ಪ ಜಾಸ್ತಿ ಇದ್ರೆ ಏನೂ ಆಗಲ್ಲ ಸರ್, ಕಮ್ಮಿ ಇದ್ರೆ ಮಾತ್ರ ಪ್ರಾಬ್ಲಂ" ಅಂದರು. ಇದು ನಮ್ಮ ಊರಿನ ಎಲ್ಲರೂ ನಂಬಿರುವ ಮಾತು. ಗೊಬ್ಬರದಿಂದ ತುಪ್ಪದವರೆಗೆ ಜಾಸ್ತಿಯಾದರೆ ಒಳ್ಳೆಯದೇ ಎನ್ನುವವರು ನಾವು.

ಆದರೆ ಇಂಜಿನ್ನಿನ ಲೆಕ್ಕ ಬೇರೆ. ಚೇಂಬರಿನಲ್ಲಿ ಆಯಿಲ್ ತುಂಬ ಮೇಲೆ ನಿಂತರೆ ತಿರುಗುವ ಕ್ರ್ಯಾಂಕ್ ಅದನ್ನು ಬಡಿಯುತ್ತದೆ, ಬಡಿದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಅರ್ಧ ಗಾಳಿ. ಪಂಪ್ ಆ ಗಾಳಿಯನ್ನೇ ಬೇರಿಂಗಿಗೂ ಟರ್ಬೊಗೂ ತಳ್ಳುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೊದ ಶಾಫ್ಟು ನಿಂತಿರುವುದೇ ತೆಳುವಾದ ಆಯಿಲ್ ಪದರದ ಮೇಲೆ. ಹೆಚ್ಚಾದ ಆಯಿಲ್ ಬ್ರೀದರ್ ಪೈಪಿನಿಂದ ಗಾಳಿಯ ದಾರಿಗೂ ನುಗ್ಗಬಹುದು. ಡೀಸೆಲ್ ಇಂಜಿನ್ನಿಗೆ ಆಯಿಲ್ಲೂ ಒಂದು ಇಂಧನವೇ. ಹಾಗೆ ನುಗ್ಗಿದ ಆಯಿಲ್ಲನ್ನೇ ಉರಿಸುತ್ತ ಇಂಜಿನ್ ತನ್ನಷ್ಟಕ್ಕೆ ವೇಗ ಏರಿಸಿಕೊಂಡು, ಕೀ ತೆಗೆದರೂ ನಿಲ್ಲದೆ, ಒಡೆಯುವವರೆಗೆ ಓಡುವುದು ಅಪರೂಪಕ್ಕೆ ಆಗುತ್ತದೆ.

ಕಾಕನ ಹತ್ತಿರ ಹೋದೆ. ದನಕ್ಕೆ ಔಷಧಿ ಕುಡಿಸುವ ದೊಡ್ಡ ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ, ಡಿಪ್‌ಸ್ಟಿಕ್ಕಿನ ಕೊಳವೆಯಿಂದಲೇ ಹೆಚ್ಚಿನದನ್ನು ಎಳೆದು ತೆಗೆದರು. "ಇದೆಂತ ಮೋನೆ, ಹಳೇದು ಪೂರ್ತಿ ಇಳಿಯೋಕ್ಕೆ ಮುಂಚೆ ಪ್ಲಗ್ ಹಾಕಿದಾರೆ. ಆಮೇಲೆ ಪುಸ್ತಕದಲ್ಲಿ ಇದ್ದಷ್ಟು ಹೊಸದು ಹುಯ್ದಿದಾರೆ" ಅಂದರು. ಬಿಲ್ ತೆಗೆದು ನೋಡಿದರೆ ಲೀಟರ್ ಲೆಕ್ಕ ಪುಸ್ತಕದ ಪ್ರಕಾರ ಕರಾರುವಾಕ್ಕಾಗಿತ್ತು. ಪೂರ್ತಿ ಬಸಿದಿದ್ದರೆ ಅದು ಸರಿಯಾಗಿಯೇ ಇರುತ್ತಿತ್ತು. ಮೋಸವೇನೂ ಇರಲಿಲ್ಲ, ಬೀಡಿ ಮುಗಿಯುವಷ್ಟು ಹೊತ್ತು ಕಾಯಲು ಅಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ ಅಷ್ಟೆ. ಕಾಕ ಗಾಡಿಯ ಕೆಳಗೂ ಟಾರ್ಚ್ ಹಿಡಿದರು. ಚೇಂಬರಿನ ಕೆಳಗಿನ ಗಾರ್ಡಿಗೆ ಎರಡು ಬೋಲ್ಟ್ ಇರಲಿಲ್ಲ. ನಮ್ಮ ತೋಟದ ದಾರಿಯ ಕಲ್ಲಿಗೂ ಚೇಂಬರಿಗೂ ನಡುವೆ ಇರುವುದು ಆ ಗಾರ್ಡ್ ಒಂದೇ.

ಇಷ್ಟು ಓದಿದವರು ನಾನು ಕಾಕನ ಪರ ತೀರ್ಪು ಕೊಡುತ್ತೇನೆ ಅಂದುಕೊಂಡಿರಬಹುದು. ಮೊದಲಿನ ಜೀಪಾಗಿದ್ದರೆ ಕೊಡುತ್ತಿದ್ದೆ. ಈಗಿನ ಗಾಡಿಯಲ್ಲಿ ಒಂದು ತೊಡಕಿದೆ.

2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂದಮೇಲೆ ಹೆಚ್ಚುಕಡಿಮೆ ಎಲ್ಲ ಡೀಸೆಲ್ ಕಾರು, ಪಿಕಪ್ಪುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಕೂತಿದೆ. ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಜಾಲರಿ ಅದು. ತುಂಬಿದ ಮೇಲೆ ಒಳಗಿನ ಶಾಖವನ್ನು 600 ಡಿಗ್ರಿಯ ಆಸುಪಾಸಿಗೆ ಏರಿಸಿ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಆ ಬೂದಿ ಬಹುಪಾಲು ಬರುವುದು ಇಂಜಿನ್ ಆಯಿಲ್ಲಿನಿಂದಲೇ. ಆಯಿಲ್ಲಿಗೆ ಸೇರಿಸುವ ಕ್ಯಾಲ್ಸಿಯಂ, ಸತು ಮುಂತಾದ ಲೋಹದ ರಾಸಾಯನಿಕಗಳು ಸಿಲಿಂಡರಿನಲ್ಲಿ ಒಂದಿಷ್ಟು ಉರಿದು ಬೂದಿಯಾಗಿ ಜಾಲರಿಯಲ್ಲಿ ಉಳಿಯುತ್ತವೆ, ಉಳಿದದ್ದು ಹೊರಗೆ ಬರುವುದಿಲ್ಲ. ಅದಕ್ಕೇ ಈ ಗಾಡಿಗಳಿಗೆ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಯುರೋಪಿನ ಎಸಿಇಎ ಸಿ3 ದರ್ಜೆಯಲ್ಲಿ ಬೂದಿಯ ಮಿತಿ ಶೇ. 0.8. ಅಮೆರಿಕದ ಎಪಿಐ ಲೆಕ್ಕದಲ್ಲಿ ಸಿಜೆ-4, 2016ರ ಕೊನೆಗೆ ಬಂದ ಸಿಕೆ-4, ಇವುಗಳ ಮಿತಿ ಶೇ. 1. ಅದಕ್ಕೂ ಹಿಂದಿನ ಸಿಐ-4, ಸಿಎಫ್-4 ಬಂದದ್ದು ಇಂಥ ಜಾಲರಿಗಳ ಕಾಲಕ್ಕೆ ಮುಂಚೆ. ನಿಮ್ಮ ಗಾಡಿಗೆ ಯಾವುದು ಅನ್ನುವುದು ಅದರ ಪುಸ್ತಕದಲ್ಲಿದೆ, ನನ್ನ ಬ್ಲಾಗಿನಲ್ಲಿ ಅಲ್ಲ.

ಕಾಕನ ಶೆಡ್ಡಿನ ಮೂಲೆಯಲ್ಲಿ ಒಂದೇ ಒಂದು ಡ್ರಮ್ ಇದೆ. ಆಯಿಲ್ ಎಷ್ಟು ಮಂದ ಎಂದು ಹೇಳುವ ನಂಬರ್ 15ಡಬ್ಲ್ಯು-40, ಬೂದಿಯ ಲೆಕ್ಕದಲ್ಲಿ ಹಳೆಯ ದರ್ಜೆ. ಟ್ರ್ಯಾಕ್ಟರಿಗೂ ಅದೇ, ಲಾರಿಗೂ ಅದೇ, ನಿನ್ನೆ ಶೋರೂಮಿನಿಂದ ಇಳಿದ ಪಿಕಪ್ಪಿಗೂ ಅದೇ. "ಡೀಸೆಲ್ ಅಂದ್ರೆ ಡೀಸೆಲ್ ಅಲ್ವಾ ಮೋನೆ? ನಿಂಗೆ ಕಾಣೋದು ಆ ನಂಬರ್ ಮಾತ್ರ" ಅಂದರು ನಾನು ಕೇಳಿದಾಗ. ನಮ್ಮ ಕಡೆ ವಾದ ನಡೆಯುವುದೂ ಆ ನಂಬರಿನ ಮೇಲೆಯೇ. 5ಡಬ್ಲ್ಯು-30 ನೀರಿನ ಹಾಗಿದೆ, ಘಾಟಿಯಲ್ಲಿ ನಿಲ್ಲಲ್ಲ ಅಂತ ಒಬ್ಬರು, 15ಡಬ್ಲ್ಯು ಹಾಕಿದರೆ ಚಳಿಯಲ್ಲಿ ಸ್ಟಾರ್ಟೇ ಆಗಲ್ಲ ಅಂತ ಇನ್ನೊಬ್ಬರು. ಡಬ್ಲ್ಯುಗೆ ಮೊದಲು ಬರುವ ಅಂಕಿ ಚಳಿಯದು. 15ಡಬ್ಲ್ಯು ಆಯಿಲ್ಲನ್ನು ಪರೀಕ್ಷಿಸುವುದು ಸೊನ್ನೆಗಿಂತ 20, 25 ಡಿಗ್ರಿ ಕೆಳಗೆ. ನಮ್ಮ ಜನವರಿಯ ಮುಂಜಾನೆ ಸೊನ್ನೆಯ ಹತ್ತಿರವೂ ಸುಳಿಯುವುದಿಲ್ಲ. ಆ ಅಂಕಿಯಿಂದ ಕೊಡಗಿನಲ್ಲಿ ಆಗಬಹುದಾದ ಹಾನಿಗಿಂತ ಡಬ್ಬಿಯ ಹಿಂದೆ ಸಣ್ಣದಾಗಿ ಬರೆದ ಬೂದಿಯ ದರ್ಜೆಯಿಂದ ಆಗುವ ಹಾನಿ ದೊಡ್ಡದು. ಕಟ್ಟಿಕೊಂಡ ಡಿಪಿಎಫ್ ಬದಲಿಸಲು ಕೊಡುವ ದುಡ್ಡಿನಲ್ಲಿ ಎಷ್ಟೋ ವರ್ಷದ ಆಯಿಲ್ ಬರುತ್ತದೆ. ಆ ದರ್ಜೆಯ ಆಯಿಲ್ ತಪ್ಪದೆ ಇರುವುದು, ನಾವು ಬೈಯುವ ಅದೇ ಶೋರೂಮಿನಲ್ಲಿ.

ಡಿಪಿಎಫ್‌ನಿಂದ ಇನ್ನೊಂದು ಹಳೆಯ ನಂಬಿಕೆಯೂ ಮಗುಚಿಬಿತ್ತು. "ನನ್ನ ಗಾಡಿ ಒಂದು ಹನಿ ಆಯಿಲ್ ಕುಡಿಯಲ್ಲ" ಎನ್ನುವುದು ನಮ್ಮಲ್ಲಿ ಇಂಜಿನ್ನಿಗೆ ಕೊಡುವ ದೊಡ್ಡ ಸರ್ಟಿಫಿಕೇಟ್. ಈಗ ಕೆಲವು ಗಾಡಿಗಳಲ್ಲಿ ಡಿಪ್‌ಸ್ಟಿಕ್ಕಿನ ಮಟ್ಟ ಇಳಿಯುವ ಬದಲು ಏರುತ್ತದೆ. ಮಸಿ ಸುಡಲು ಶಾಖ ಬೇಕೆಂದು ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಹಲವು ಗಾಡಿಗಳಲ್ಲಿ ಅದು ಸಿಲಿಂಡರಿಗೇ, ಉರಿಯುವ ಹೊತ್ತು ಮೀರಿದ ಮೇಲೆ. ಅದರಲ್ಲಿ ಒಂದಿಷ್ಟು ಗೋಡೆಗೆ ತಾಗಿ ಇಳಿದು ಚೇಂಬರ್ ಸೇರುತ್ತದೆ. ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿದರೆ ಸುಡುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ತೋಟದಲ್ಲಿ ಅದು ಶುರುವಾಗುವ ಹೊತ್ತಿಗೆ ನಾವು ಕಣ ತಲುಪಿ ಕೀ ತೆಗೆದಿರುತ್ತೇವೆ. ಮತ್ತೆ ಶುರು, ಮತ್ತೆ ಅರ್ಧಕ್ಕೆ ಬಿಟ್ಟದ್ದು, ಪ್ರತಿ ಸಲವೂ ಆಯಿಲ್ಲಿಗೆ ಇನ್ನಷ್ಟು ಡೀಸೆಲ್. ಡೀಸೆಲ್ ಬೆರೆತ ಆಯಿಲ್ ತೆಳುವಾಗುತ್ತದೆ, ಲೋಹಕ್ಕೂ ಲೋಹಕ್ಕೂ ನಡುವೆ ನಿಲ್ಲುವ ಶಕ್ತಿ ಕಳೆದುಕೊಳ್ಳುತ್ತದೆ. ಮಟ್ಟ ಏರಿದ್ದು ಕಂಡರೆ, ಡಿಪ್‌ಸ್ಟಿಕ್ ಮೂಸಿದಾಗ ಡೀಸೆಲ್ ವಾಸನೆ ಹೊಡೆದರೆ, ಕಿಲೋಮೀಟರ್ ಎಷ್ಟೇ ಆಗಿರಲಿ ಬದಲಿಸುವ ಹೊತ್ತು ಬಂದಿದೆ. ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನಂಥ ಲೇಪ ಕಂಡು ಗಾಬರಿಯಾಗುವವರೂ ಇದ್ದಾರೆ. ಇಂಜಿನ್ ಪೂರ್ತಿ ಬಿಸಿಯಾಗದೆ ನಿಲ್ಲುವ ಗಾಡಿಯಲ್ಲಿ ಒಳಗಿನ ತೇವವೇ ಹಾಗೆ ಕೂರುವುದುಂಟು. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ ಬಂದರೆ, ಇಂಜಿನ್ ತಣ್ಣಗಿಡುವ ಕೂಲೆಂಟ್ ಇಳಿದಿದ್ದರೆ, ಆಗ ಗಾಡಿ ನಿಲ್ಲಿಸಬೇಕು.

ಮೇಲಿಂದ ಮೇಲೆ ಕೇಳುವ ಗಿರಾಕಿಯನ್ನು ಕಂಡರೆ ಶೋರೂಮಿನವರಿಗೆ ಆಗುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಮುಂದಿನ ಸರ್ವಿಸಿಗೆ ಹೋದಾಗ ಅಡ್ವೈಸರಿಗೆ, "ಚೇಂಬರ್ ಬಿಚ್ಚುವಾಗ ನಾನೂ ಬರ್ತೀನಿ, ದೂರ ನಿಲ್ತೀನಿ" ಅಂದೆ. ಇನ್ಶೂರೆನ್ಸ್, ಸೇಫ್ಟಿ ಎಂದು ಒಂದಿಷ್ಟು ರಾಗ ಎಳೆದ ಮೇಲೆ ಮ್ಯಾನೇಜರ್ ಬಂದು ಒಳಗೆ ಬಿಟ್ಟರು. ಲಿಫ್ಟಿನ ಕೆಳಗಿದ್ದ ಹುಡುಗ ಮೊದಲು ಮುದುಡಿದ. ಆಮೇಲೆ ನಾನು ಬೈಯಲು ಬಂದವನಲ್ಲ ಅಂತ ತಿಳಿದು ಒಂದೊಂದನ್ನೇ ತೋರಿಸತೊಡಗಿದ. ಹಳೆಯ ಫಿಲ್ಟರಿನ ಮಡಿಕೆ ಬಿಡಿಸಿ, "ನೋಡಿ ಅಣ್ಣ, ಲೋಹದ ಪುಡಿ ಏನೂ ಇಲ್ಲ, ಇಂಜಿನ್ ಚೆನ್ನಾಗಿದೆ" ಅಂದ. ಅಷ್ಟು ಹೊತ್ತಿಗೆ "ಸರ್" ಹೋಗಿ "ಅಣ್ಣ" ಆಗಿತ್ತು.

ವಾಷರ್ ಹೊಸದು ಹಾಕ್ತೀಯಾ ಅಂತ ಕೇಳಿದೆ. ಜಾಬ್ ಕಾರ್ಡಿನಲ್ಲಿ ಇಲ್ಲದಿದ್ದರೆ ಸ್ಟೋರಿನಿಂದ ಕೊಡುವುದಿಲ್ಲವಂತೆ. ಹಳೆಯದನ್ನೇ ಹಾಕಿ, ಸೋರದಿರಲಿ ಎಂದು ಸ್ವಲ್ಪ ಹೆಚ್ಚು ಬಿಗಿಯುತ್ತಾರಂತೆ. ನನಗೆ ಅಲ್ಲಿಯೇ ಹೊಳೆಯಿತು. ಹಾಗೆ ಸರ್ವಿಸಿನಿಂದ ಸರ್ವಿಸಿಗೆ ಸ್ವಲ್ಪ ಸ್ವಲ್ಪ ಹೆಚ್ಚು ಬಿಗಿದೇ ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಹೋಗುವುದು, ಒಂದು ಟೀ ದುಡ್ಡಿನ ವಾಷರ್ ಉಳಿಸಲು ಹೋಗಿ ಇಡೀ ಚೇಂಬರ್ ಬದಲಿಸುವ ಬಿಲ್ ಬರುವುದು. ಹುಡುಗನಿಗೆ ಅದು ಗೊತ್ತಿತ್ತು. ಹೇಳುವ ಜಾಗ ಅವನದಾಗಿರಲಿಲ್ಲ. ಅವತ್ತಿನಿಂದ ಜಾಬ್ ಕಾರ್ಡ್ ಬರೆಯುವಾಗಲೇ ವಾಷರ್ ಬರೆಸುತ್ತೇನೆ. ಪೂರ್ತಿ ಬಸಿಯಲಿ ಎಂದೂ, ಗಾರ್ಡಿನ ಬೋಲ್ಟ್ ಎಲ್ಲ ಹಾಕಲಿ ಎಂದೂ ಬರೆಸುತ್ತೇನೆ. ಸಹಿ ಹಾಕುವ ಮೊದಲು ಓದುತ್ತೇನೆ. ಅಡ್ವೈಸರ್ ಟೈಪ್ ಮಾಡಿಕೊಂಡ ಇಂಜಿನ್ ಫ್ಲಶ್, ಡೀಕಾರ್ಬನೈಸಿಂಗ್, ಆಯಿಲ್ ಟ್ರೀಟ್‌ಮೆಂಟ್ ಎಂಬ ಸಾಲುಗಳನ್ನು ಹೊಡೆದುಹಾಕಿಸುತ್ತೇನೆ. ಅವನಿಗೆ ತಿಂಗಳ ಟಾರ್ಗೆಟ್ ಇದೆ, ಪಾಪ, ಆದರೆ ಅದನ್ನು ನನ್ನ ಚೇಂಬರಿನಲ್ಲಿ ಕರಗಿಸಬೇಕಿಲ್ಲ. ತಳಕ್ಕೆ ಹೊಡೆಯುವ ತುಕ್ಕು ನಿರೋಧಕ ಕೋಟಿಂಗ್ ಒಂದನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ನಮ್ಮ ಮಳೆಗೆ ಅದು ದಂಡವಲ್ಲ.

ಹೊರಗೆ ಸರ್ವಿಸ್ ಮಾಡಿಸಿದರೆ ವಾರಂಟಿ ಹೋಯಿತು ಎನ್ನುವ ಹೆದರಿಕೆಯ ಬಗ್ಗೆ ಒಂದು ಮಾತು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಾರೆ, ಹೊರಗೆ ರಿಪೇರಿ ಮಾಡಿಸಿದ ನೆಪಕ್ಕೆ ವಾರಂಟಿ ಕಸಿಯುತ್ತಾರೆ ಎನ್ನುವುದು ಆಕ್ಷೇಪ. ದಂಡದ ವಿಚಾರ ಮೇಲ್ಮನವಿ, ಕೋರ್ಟು ಎಂದು ಎಳೆದಾಡಿತು. ಕೌಂಟರಿನಲ್ಲಿ ನಿಂತವನಿಗೆ ಇದರಿಂದ ಸಿಕ್ಕಿದ್ದು ಕಡಿಮೆ. ಇಂಜಿನ್ ಕೈಕೊಟ್ಟ ದಿನ ಅವರು ಮೊದಲು ತೆಗೆಯುವುದು ಸರ್ವಿಸ್ ಹಿಸ್ಟರಿ, ಅದರಲ್ಲಿ ಒಂದು ಸಾಲು ತಪ್ಪಿದ್ದರೂ ಮಾತು ಅಲ್ಲಿಗೇ ನಿಲ್ಲುತ್ತದೆ. ಮಡಿಕೇರಿಯ ಗ್ರಾಹಕರ ಆಯೋಗಕ್ಕೆ ಹೋಗಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಹೋಗುವುದಾದರೂ ಕೈಯಲ್ಲಿ ಬೇಕಾದ್ದು ಅದೇ ಬಿಲ್ಲು, ಅದೇ ಜಾಬ್ ಕಾರ್ಡು. ಹಾಗಾಗಿ ವಾರಂಟಿ ಇರುವಷ್ಟು ದಿನ ಪುಸ್ತಕ ಹೇಳಿದ ಸರ್ವಿಸನ್ನು ನಾನು ಶೋರೂಮಿನಲ್ಲೇ ಮಾಡಿಸುತ್ತೇನೆ. ಬೆಳಿಗ್ಗೆ ಎಂಟಕ್ಕೆ ಗಾಡಿ ತನ್ನಿ ಅಂತ ಮೆಸೇಜ್ ಬರುತ್ತದೆ. ದಾರಿಯಲ್ಲಿ ಆನೆ ನಿಂತಿದ್ದರೆ ಹತ್ತಕ್ಕೆ ಹೋಗುತ್ತೇನೆ, ಅದಕ್ಕೆ ಅವರ ಸಾಫ್ಟ್‌ವೇರಿನಲ್ಲಿ ಕಾಲಂ ಇಲ್ಲ.

ಎರಡು ಸರ್ವಿಸಿನ ನಡುವೆ, ಮಳೆ ನಿಂತು ಕೊಯ್ಲು ಶುರುವಾಗುವ ಮುಂಚೆ, ಪುಸ್ತಕದ ಸಣ್ಣ ಅಕ್ಷರದ ಸಾಲಿಗಾಗಿ ಇನ್ನೊಂದು ಆಯಿಲ್ ಚೇಂಜ್. ಅದು ಕಾಕನ ಕೈಯಲ್ಲಿ, ಆದರೆ ಡ್ರಮ್ಮಿನಿಂದಲ್ಲ. ಅದೇ ದರ್ಜೆಯ ಸೀಲ್ ಇರುವ ಡಬ್ಬಿ, ಕಂಪನಿಯ ಫಿಲ್ಟರ್, ವಾಷರ್, ಮೂರನ್ನೂ ಶೋರೂಮಿನ ಪಾರ್ಟ್ಸ್ ಕೌಂಟರಿನಿಂದ ಬಿಲ್ ಹಾಕಿಸಿ ನಾನೇ ತರುತ್ತೇನೆ. ಹೊರಗಿನ ಅಂಗಡಿಯಲ್ಲಿ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ, ಆದರೆ ನಕಲಿ ಆಯಿಲ್ಲಿನ ಹಾವಳಿ ಎಲ್ಲ ಕಡೆ ಇದೆ. ಒಳ್ಳೆಯ ಕಂಪನಿಯ ಖಾಲಿ ಡಬ್ಬಿಯೇ ನಕಲಿ ಮಾಡುವವರ ಬಂಡವಾಳ. ಕೆಲಸ ಮುಗಿದ ಮೇಲೆ ಕಾಕನ ಸ್ಕ್ರೂಡ್ರೈವರಿನಿಂದ ಡಬ್ಬಿಯ ತಳಕ್ಕೆ ತೂತು ಹೊಡೆಯುತ್ತೇನೆ. ಅವರಿಗೆ ಇದು ಸಂಕಟ. ನೀರು ತುಂಬಲಿಕ್ಕೆ ಆಗ್ತಿತ್ತಲ್ಲಾ ಅನ್ನುತ್ತಾರೆ.

ಬಸಿದ ಆಯಿಲ್ ವಿಚಾರದಲ್ಲಿ ನಾವಿಬ್ಬರೂ ಒಪ್ಪುವುದಿಲ್ಲ. ಸುಟ್ಟ ಆಯಿಲ್ ಅಂದರೆ ತೋಟದಲ್ಲಿ ಸಾವಿರ ಉಪಯೋಗ. ಬೇಲಿ ಕಂಬದ ಬುಡಕ್ಕೆ ಗೆದ್ದಲು ಬಾರದಂತೆ, ಗೇಟಿನ ಕೀಲಿಗೆ, ಮರ ಕೊಯ್ಯುವ ಮಿಷಿನ್ನಿನ ಚೈನಿಗೆ. ಅಪ್ಪನೂ ಹಾಗೇ ಮಾಡುತ್ತಿದ್ದರು. 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಪರವಾನಗಿ ಇದ್ದವರಿಗೇ ಕೊಡಬೇಕು. ನಮ್ಮ ತೋಡಿನ ನೀರು ಹಾರಂಗಿಗೆ, ಅಲ್ಲಿಂದ ಕಾವೇರಿಗೆ. ಕಂಬದ ಬುಡಕ್ಕೆ ಹುಯ್ದದ್ದು ಜುಲೈ ಮಳೆಗೆ ಅಲ್ಲೇ ಕೂತಿರುತ್ತದೆಯೇ? ನನ್ನ ಗಾಡಿಯಿಂದ ಇಳಿದದ್ದನ್ನು ಕ್ಯಾನಿಗೆ ತುಂಬಿ ಶೋರೂಮಿನ ಡ್ರಮ್ಮಿಗೆ ಸುರಿದು ಬರುತ್ತೇನೆ. ಕಾಕ ಆ ಕ್ಯಾನನ್ನು ನೋಡುವ ನೋಟ ಬೇರೆ.

ಇನ್ನು ಕೆಲವು ತಿಂಗಳಿಗೆ ವಾರಂಟಿ ಮುಗಿಯುತ್ತದೆ. ಆಮೇಲೆ ಪೂರ್ತಿ ಕಾಕನ ಹತ್ತಿರವೇ ಹೋಗಬಹುದಲ್ಲ ಅಂತ ತಮ್ಮ ಕೇಳುತ್ತಾನೆ. ಆಯಿಲ್ಲಿನ ಮಟ್ಟಿಗೆ ಹೋಗಬಹುದು. ಆದರೆ ಡಿಪಿಎಫ್ ತುಂಬಿ ದೀಪ ಹೊತ್ತಿಕೊಂಡಾಗ ನಿಂತಲ್ಲೇ ಮಸಿ ಸುಡಿಸಲು ಸ್ಕ್ಯಾನರ್ ಬೇಕು. ಆಯಿಲ್ ಬದಲಿಸಿದ್ದನ್ನು ಇಂಜಿನ್ ಕಂಪ್ಯೂಟರಿಗೆ ತಿಳಿಸಲೂ ಕೆಲವು ಗಾಡಿಗಳಲ್ಲಿ ಅದೇ ಬೇಕು. ಕಾಕನ ಅಳಿಯ ಮೈಸೂರಿನಿಂದ ಒಂದು ಸ್ಕ್ಯಾನರ್ ತರಿಸಿದ್ದಾನೆ. ಸದ್ಯಕ್ಕೆ ಅದು ಮೂರು ಕಂಪನಿಯ ಗಾಡಿಗಳನ್ನು ಮಾತ್ರ ಗುರುತಿಸುತ್ತದೆ, ನನ್ನದು ಆ ಮೂರರಲ್ಲಿ ಇಲ್ಲ. ಅಪ್‌ಡೇಟಿಗೆ ದುಡ್ಡು ಕಟ್ಟಬೇಕಂತೆ, ಅರ್ಧ ನೀನು ಹಾಕ್ತೀಯಾ ಮೋನೆ ಅಂತ ಕಾಕ ಕೇಳಿದ್ದಾರೆ. ಮೆಣಸು ಮಾರಿದ ಮೇಲೆ ನೋಡೋಣ ಅಂದಿದ್ದೇನೆ.